ಲೆಕ್ಕಕ್ಕೆ ಸಿಗದ ಕ್ರೈಸ್ತರು

ಇಂಗ್ಲೆಂಡಿನಲ್ಲಿ ಕ್ರೈಸ್ತರು ಕಡಿಮೆಯಾಗುತ್ತಿದ್ದಾರೆ ಎಂಬ ಮಾತು ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಸಾವಿನ ಮನೆಯ ದನಿ ಕೇಳಿಸುತ್ತದೆ. ಸುದ್ದಿ ಸುಳ್ಳಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿಯಲ್ಲಿ ಕ್ರೈಸ್ತರೆಂದು ಬರೆಸಿದವರು 2001ರಲ್ಲಿ ನೂರಕ್ಕೆ ಸುಮಾರು 72 ಮಂದಿ, 2011ರಲ್ಲಿ 59, 2021ರಲ್ಲಿ 46. ಧರ್ಮವೇ ಇಲ್ಲವೆಂದವರು 37. ಬ್ರಿಸ್ಟಲ್ ನಗರದ ಹಳೆಯ ಸಂತ ಪೌಲರ ದೇವಾಲಯದಲ್ಲಿ ಈಗ ಸರ್ಕಸ್ ಕಲಿಸುತ್ತಾರೆ.

ಇದಕ್ಕೆ ಕಾರಣ ಯಾರು? ನಮ್ಮ ಸ್ತ್ರೀಯರ ಕೂಟಕ್ಕೆ ಬಂದ ಉಪದೇಶಕರೊಬ್ಬರು ತಡವರಿಸದೆ ಹೇಳಿದರು: ತಾಯಂದಿರು. ಹೆಂಗಸರು ಕೆಲಸಕ್ಕೆ ಹೊರಟರು, ಮನೆಪ್ರಾರ್ಥನೆ ನಿಂತಿತು, ಮಕ್ಕಳು ಕೈತಪ್ಪಿದರು ಎಂದು. ದೇವಾಲಯ ಗುಡಿಸಿ, ಹೂವಿಟ್ಟು, ಚಹಾ ಕಾಯಿಸಿ ಕುಳಿತಿದ್ದವರ ಮುಂದೆ ಈ ಮಾತು! ನಾನಿದನ್ನು ಒಪ್ಪುವುದಿಲ್ಲ.

ದೇವಾಲಯಗಳು ತುಂಬಿದ್ದ ಕಾಲದಲ್ಲಿ ಅಲ್ಲಿ ಕುಳಿತವರು ಯಾರೆಂದು ಮೊದಲು ನೋಡೋಣ. 1673ರ ಕಾನೂನಿನಂತೆ ಇಂಗ್ಲೆಂಡಿನಲ್ಲಿ ಸರ್ಕಾರಿ ಹುದ್ದೆ ಬೇಕಾದವನು ಸರ್ಕಾರ ಮನ್ನಿಸಿದ ಚರ್ಚಿನಲ್ಲೇ ಪ್ರಭುಭೋಜನ ತೆಗೆದುಕೊಳ್ಳಬೇಕಿತ್ತು. ಈ ನಿಯಮ ಹೋದದ್ದು 1828ರಲ್ಲಿ. ಹುದ್ದೆಗಾಗಿ ರೊಟ್ಟಿ ಮುರಿದವರೂ ಲೆಕ್ಕದಲ್ಲಿ ಕ್ರೈಸ್ತರೇ. ಸುವಾರ್ತೆ ಸಾರಲೆಂದೇ ಹುಟ್ಟಿದ ಆ ಚರ್ಚಿನ ಸಂಘವೊಂದಕ್ಕೆ ಬಾರ್ಬಡೋಸ್ ದ್ವೀಪದಲ್ಲಿ ಕಬ್ಬಿನ ತೋಟಗಳಿದ್ದವು. ಅಲ್ಲಿ ದುಡಿಯುತ್ತಿದ್ದ ಗುಲಾಮರ ಎದೆಯ ಮೇಲೆ 18ನೆಯ ಶತಮಾನದ ಆರಂಭದಲ್ಲಿ ಕಾದ ಕಬ್ಬಿಣದಿಂದ ‘ಸೊಸೈಟಿ’ ಎಂದು ಬರೆ ಹಾಕುತ್ತಿದ್ದರು. ಅದನ್ನು ಭಕ್ತಿಯ ಕಾಲವೆನ್ನೋಣವೆ?

ಲೆಸ್ಟರ್ ಊರಿನ ವಿಧವೆ ಎಲಿಜಬೆತ್ ಹೇರಿಕ್ ಸೇರಿದ್ದು ಕ್ವೇಕರ್ ಪಂಗಡವನ್ನು. ಅವರಲ್ಲಿ ಪಾದ್ರಿಯೂ ಇಲ್ಲ, ನೀರಿನ ದೀಕ್ಷಾಸ್ನಾನವೂ ಇಲ್ಲ. ಗುಲಾಮಗಿರಿ ಮೆಲ್ಲಮೆಲ್ಲಗೆ ಹೋಗಲಿ ಎಂದು ದೊಡ್ಡ ಮನುಷ್ಯರು ಹೇಳುತ್ತಿದ್ದಾಗ, ಈಗಲೇ ಹೋಗಬೇಕೆಂದು 1824ರಲ್ಲಿ ಕಿರುಹೊತ್ತಗೆ ಬರೆದವರು ಆಕೆ. ಗುಲಾಮರು ಬೆಳೆದ ಸಕ್ಕರೆಯನ್ನು ಒಳಗೆ ತರಬೇಡಿರೆಂದು ಮನೆಮನೆ ತಿರುಗಿ ಹೇಳಿದರು. 1833ರಲ್ಲಿ ಕಾನೂನು ಬಂದಾಗ ಆಕೆ ಬದುಕಿರಲಿಲ್ಲ. ಇವರಿಬ್ಬರಲ್ಲಿ, ಅಂದರೆ ಬರೆ ಹಾಕಿಸಿದ ಸಂಘ, ಸಕ್ಕರೆ ಬಿಡಿಸಿದ ಹೆಂಗಸು, ಇವರಲ್ಲಿ ಕ್ರೈಸ್ತರು ಯಾರು? ನೀವೇ ಹೇಳಿ. ಕಡೆಯ ತೀರ್ಪಿನ ಬಗ್ಗೆ ಯೇಸು ಹೇಳಿದ ಮಾತಿನಲ್ಲಿ ಹಸಿದವರ, ರೋಗಿಗಳ, ಸೆರೆಯಲ್ಲಿದ್ದವರ ವಿಚಾರಣೆಯಿದೆ; ಸದಸ್ಯತ್ವದ ವಿಚಾರಣೆಯಿಲ್ಲ.

ಹಾಗಾದರೆ ದೇವಾಲಯ ಬೇಡವೆ? ಬೇಕು. ನಾನು ಭಾನುವಾರದ ಆರಾಧನೆ ತಪ್ಪಿಸುವವಳಲ್ಲ. ‘ಮನಸ್ಸಿನಲ್ಲಿ ಭಕ್ತಿಯಿದ್ದರೆ ಸಾಕು’ ಎನ್ನುವವರ ಭಕ್ತಿ ನೆರೆಮನೆಯ ರೋಗಿಯವರೆಗೆ ಹೋದದ್ದನ್ನು ನಾನು ಹೆಚ್ಚು ಕಂಡಿಲ್ಲ. ಒಳ್ಳೆಯ ಕೆಲಸಕ್ಕೂ ಜೊತೆ ಬೇಕಾಗುತ್ತದೆ. ಆದರೆ ಆ ಜೊತೆ ನಂಬಿಕೆಗೆ ಯೋಗ್ಯವಾಗಿರಬೇಕು. ಹುಡುಗರನ್ನು ಹಿಂಸಿಸಿದವನೊಬ್ಬನ ವಿಷಯ ತಿಳಿದ ಮೇಲೂ ಚರ್ಚು ತಕ್ಕ ಕ್ರಮ ಕೈಗೊಳ್ಳಲಿಲ್ಲವೆಂದು ವಿಚಾರಣಾ ವರದಿ ಹೇಳಿದ್ದರಿಂದ, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ 2024ರ ನವೆಂಬರಿನಲ್ಲಿ ರಾಜೀನಾಮೆ ಘೋಷಿಸಬೇಕಾಯಿತು. ಅದನ್ನೂ ತಾಯಂದಿರ ತಲೆಗೆ ಕಟ್ಟುತ್ತೀರಾ?

ಅಕ್ಕತಂಗಿಯರೇ, ಮುಂದಿನ ವಾರ್ಷಿಕ ಕೂಟದಲ್ಲಿ ಸದಸ್ಯರ ಸಂಖ್ಯೆ ಓದಿದಾಗ ಎದ್ದುನಿಂತು ಕೇಳಿ: ಈ ವರ್ಷ ಎಷ್ಟು ರೋಗಿಗಳ ಮನೆಗೆ ಹೋದೆವು? ಗಂಡ ಬಿಟ್ಟುಹೋದವಳ ಬಾಡಿಗೆಗೆ ಯಾರು ನೆರವಾದರು? ಆ ಲೆಕ್ಕವನ್ನೂ ವರದಿಯಲ್ಲಿ ಬರೆಯಲಿ.