ರಾಯದುರ್ಗದಲ್ಲಿ ಎಷ್ಟು ಅಕ್ಷರ?

ಮಕ್ಕಳೇ, 'ರಾಯದುರ್ಗ' ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ? ಎರಡನೇ ತರಗತಿಯ ಮಗು ಕೂಡ ಬೆರಳು ಮಡಚಿ ಹೇಳುತ್ತದೆ: ರಾ, ಯ, ದು, ರ್ಗ. ನಾಲ್ಕು. ಅದೇ ಪ್ರಶ್ನೆಯನ್ನು ಪೈಥಾನ್ ಭಾಷೆಯಲ್ಲಿ ಕಂಪ್ಯೂಟರಿಗೆ ಕೇಳಿ ನೋಡಿ, ಎಂಟು ಅನ್ನುತ್ತದೆ. ಮಡಕಶಿರಾದವರು ನಗಬೇಡಿ. ನಿಮ್ಮೂರಿನ ಐದು ಅಕ್ಷರ ಅದರ ಲೆಕ್ಕದಲ್ಲಿ ಏಳು!

ಕಂಪ್ಯೂಟರ್ ಸುಳ್ಳು ಹೇಳುತ್ತಿಲ್ಲ. ಯೂನಿಕೋಡ್ ಪದ್ಧತಿಯಲ್ಲಿ ರಾಯದುರ್ಗವನ್ನು ಅದು ರ, ಇಳಿ, ಯ, ದ, ಕೊಂಬು, ರ, ವಿರಾಮ, ಗ ಎಂದು ಎಂಟು ತುಂಡುಗಳಾಗಿ ಇಟ್ಟುಕೊಂಡಿರುತ್ತದೆ. ನಾವು ಅಕ್ಷರ ಎನ್ನುವುದು ಬೇರೆ, ಅದು ಎಣಿಸುವ ತುಂಡು ಬೇರೆ. ಈ ವ್ಯತ್ಯಾಸ ಚಿಕ್ಕದಲ್ಲ. ತರಗತಿಗೆ ಪದಬಂಧ ಮಾಡಲು ಹೋಗಿ ನಾನು ಪೇಚಿಗೆ ಸಿಕ್ಕಿದ್ದು ಇಲ್ಲೇ. ಒಂದು ಮನೆಯಲ್ಲಿ 'ದ', ಪಕ್ಕದ ಮನೆಯಲ್ಲಿ ಬರೀ ಕೊಂಬು ಕೂತಿತ್ತು. ಪದಬಂಧ ಹೋಗಲಿ ಬಿಡಿ. 'ಹೆಸರು ಇಪ್ಪತ್ತು ಅಕ್ಷರ ಮೀರಬಾರದು' ಎಂದು ತುಂಡುಗಳನ್ನು ಎಣಿಸುವ ಅರ್ಜಿಯೊಂದರಲ್ಲಿ ನಿಮ್ಮ ಹೆಸರು ಒತ್ತಕ್ಷರದ ನಡುವೆಯೇ ಕತ್ತರಿಸಿಹೋದರೆ? ದಾಖಲೆಯಲ್ಲಿ ಆ ಮುರಿದ ಹೆಸರೇ ಉಳಿಯುತ್ತದೆ.

ಸರಿಯಾಗಿ ಎಣಿಸುವುದು ಹೇಗೆ? ಅದಕ್ಕೆ ಮೊದಲು ಹೊಲದ ಬೋರ್‌ವೆಲ್ ಹತ್ತಿರ ಬನ್ನಿ. ಮೋಟಾರಿನ ಸ್ಟಾರ್ಟರ್ ಡಬ್ಬಿಯನ್ನು ನೀವೆಲ್ಲ ನೋಡಿದ್ದೀರಿ. ಮೋಟಾರು ನಿಂತಿದ್ದಾಗ ಹಸಿರು ಗುಂಡಿ ಒತ್ತಿದರೆ ಓಡುತ್ತದೆ. ಓಡುತ್ತಿರುವಾಗ ಅದೇ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಟ್ರಿಪ್ ಆಗಿದ್ದರೆ ಮೊದಲು ರೀಸೆಟ್ ಮಾಡಬೇಕು, ಆಮೇಲೆ ಹಸಿರು. ಗುಂಡಿ ಒಂದೇ, ಆದರೆ ಅದರ ಫಲ ಮೋಟಾರು ಈಗ ಯಾವ ಸ್ಥಿತಿಯಲ್ಲಿದೆ ಎಂಬುದರ ಮೇಲೆ ನಿಂತಿದೆ. ಕೆಲವೇ ಸ್ಥಿತಿಗಳು, ಕೆಲವೇ ಘಟನೆಗಳು, ಯಾವ ಸ್ಥಿತಿಯಲ್ಲಿ ಯಾವ ಘಟನೆ ನಡೆದರೆ ಎಲ್ಲಿಗೆ ಹೋಗಬೇಕು ಎಂಬ ಒಂದು ಪಟ್ಟಿ. ಇದನ್ನೇ ಸ್ಟೇಟ್ ಮಷೀನ್ ಅನ್ನುತ್ತಾರೆ. ನಾವು ಸ್ಥಿತಿಯಂತ್ರ ಅನ್ನೋಣ.

ಕನ್ನಡದ ಅಕ್ಷರವೂ ಹಾಗೇ ಕಟ್ಟಿಕೊಳ್ಳುತ್ತದೆ. ನಾಲ್ಕು ಸ್ಥಿತಿ ಸಾಕು: ಆರಂಭ, ವ್ಯಂಜನ, ಅರ್ಧ, ತುಂಬಿದ. ವ್ಯಂಜನ ಬಂದರೆ ಎಣಿಕೆ ಒಂದು ಹೆಚ್ಚಿಸಿ 'ವ್ಯಂಜನ' ಸ್ಥಿತಿಗೆ ಹೋಗು. ಅಲ್ಲಿದ್ದಾಗ ಕಾಗುಣಿತದ ಗುರುತು ಬಂದರೆ 'ತುಂಬಿದ'ಕ್ಕೆ, ವಿರಾಮ ಬಂದರೆ 'ಅರ್ಧ'ಕ್ಕೆ ಹೋಗು. 'ಅರ್ಧ'ದಲ್ಲಿದ್ದಾಗ ಇನ್ನೊಂದು ವ್ಯಂಜನ ಬಂದರೆ ಮತ್ತೆ 'ವ್ಯಂಜನ'ಕ್ಕೆ ಹೋಗು, ಆದರೆ ಎಣಿಸಬೇಡ, ಯಾಕಂದ್ರೆ ಅದು ಒತ್ತಕ್ಷರ. ಸ್ವರ ಬಂದರೆ ಎಣಿಸಿ 'ತುಂಬಿದ'ಕ್ಕೆ. ಸೊನ್ನೆ ಅಥವಾ ವಿಸರ್ಗ ಬಂದರೆ ಎಣಿಸದೆ 'ತುಂಬಿದ'ಕ್ಕೆ. ಈಗ ರಾಯದುರ್ಗದ ಎಂಟು ತುಂಡುಗಳನ್ನು ಒಂದೊಂದಾಗಿ ಹಾಕಿ ನೋಡಿ, ಉತ್ತರ ನಾಲ್ಕೇ ಬರುತ್ತದೆ. ಶಾಲೆಯಲ್ಲಿ ಕಂಪ್ಯೂಟರ್ ಇಲ್ಲವೇ? ಅಂಗಳದಲ್ಲಿ ಸೀಮೆಸುಣ್ಣದಿಂದ ನಾಲ್ಕು ವೃತ್ತ ಬರೆಯಿರಿ. ಒಬ್ಬರು ತುಂಡುಗಳನ್ನು ಕೂಗಲಿ, ಇನ್ನೊಬ್ಬರು ವೃತ್ತದಿಂದ ವೃತ್ತಕ್ಕೆ ಜಿಗಿಯಲಿ, ಮೂರನೆಯವರು ಎಣಿಸಲಿ.

ಕಂಪ್ಯೂಟರಿನಲ್ಲಿ ಇದನ್ನು 'ಹೀಗಾದರೆ ಹೀಗೆ, ಇಲ್ಲದಿದ್ದರೆ ಹಾಗೆ' ಎಂಬ ಸಾಲುಗಳನ್ನು ಒಂದರೊಳಗೊಂದು ಪೇರಿಸಿಯೂ ಬರೆಯಬಹುದು. ನಾನೂ ಹಾಗೇ ಬರೆದಿದ್ದೆ. ಒಂದು ವಾರ ಬಿಟ್ಟು ನೋಡಿದರೆ ನನಗೇ ಅರ್ಥವಾಗಲಿಲ್ಲ. ಆಮೇಲೆ ಹಿಡಿದದ್ದು ಪೈಥಾನಿನ 'ಟ್ರಾನ್ಸಿಷನ್ಸ್' ಎಂಬ ಲೈಬ್ರರಿ. (ಲೈಬ್ರರಿ ಅಂದರೆ ಇಲ್ಲಿ ಪುಸ್ತಕದ ಕೋಣೆಯಲ್ಲ, ಬೇರೆಯವರು ಬರೆದಿಟ್ಟ ಸಿದ್ಧ ಕೋಡು.) ಟಾಲ್ ಯಾರ್ಕೋನಿ ಎಂಬವರು ಶುರು ಮಾಡಿದ ಹಗುರವಾದ ಸ್ಥಿತಿಯಂತ್ರ ಇದು. ಎಂಐಟಿ ಪರವಾನಗಿ ಇರುವುದರಿಂದ ಯಾರು ಬೇಕಾದರೂ ಬಳಸಬಹುದು, ತಿದ್ದಲೂಬಹುದು. ನಾವು ಕೊಡಬೇಕಾದದ್ದು ಪಟ್ಟಿ ಮಾತ್ರ: ಘಟನೆ, ಎಲ್ಲಿಂದ, ಎಲ್ಲಿಗೆ. ಸ್ಥಿತಿಗಳ ಹೆಸರನ್ನು ಕನ್ನಡದಲ್ಲೇ ಬರೆದರೂ ಅದಕ್ಕೇನೂ ತಕರಾರಿಲ್ಲ.

ತಕರಾರು ಬಂದದ್ದು 'ರಾಜ್‌ಕುಮಾರ್' ಬರೆದಾಗ. ರಾ, ಜ್, ಕು, ಮಾ, ರ್ ಎಂದು ಐದು ಬರಬೇಕಿತ್ತು. ಯಂತ್ರ ನಡುವೆಯೇ ನಿಂತು, ಈ ಘಟನೆ ನನಗೆ ಗೊತ್ತಿಲ್ಲ ಎಂದು ದೂರು ಕೊಟ್ಟಿತು. ಕಣ್ಣಿಗೆ ಅಲ್ಲೇನೂ ಕಾಣಲಿಲ್ಲ. ಹುಡುಕಿದರೆ, ಜ್ ಮತ್ತು ಕು ನಡುವೆ ಕಾಣದ ತುಂಡೊಂದು ಕೂತಿತ್ತು, ಯೂನಿಕೋಡಿನ 8204ನೇ ಸಂಖ್ಯೆ. 'ಇವೆರಡನ್ನು ಒತ್ತಕ್ಷರ ಮಾಡಬೇಡ' ಎಂದು ಹೇಳುವುದೇ ಅದರ ಕೆಲಸ. ಅದು ಇಲ್ಲದಿದ್ದರೆ ಜ ಅಕ್ಷರಕ್ಕೆ ಕ ಒತ್ತು ಬಂದು ಹೆಸರೇ ಕೆಟ್ಟುಹೋಗುತ್ತದೆ.

ಈ ಲೈಬ್ರರಿಯಲ್ಲಿ ಒಂದು ಸೌಲಭ್ಯ ಇದೆ: ಪಟ್ಟಿಯಲ್ಲಿಲ್ಲದ ಘಟನೆ ಬಂದರೆ ಸುಮ್ಮನಿರು ಎಂದು ಹೇಳಬಹುದು. ದೂರು ಕಂಡು ಬೇಸತ್ತು ನಾನೂ ಅದನ್ನು ಹಾಕಿದೆ. ದೂರು ನಿಂತಿತು, ಉತ್ತರ ನಾಲ್ಕು ಬಂತು! ಕಾಣದ ತುಂಡನ್ನು ಬಿಟ್ಟು ಜ್ ಮತ್ತು ಕು ಸೇರಿಸಿ ಒಂದೇ ಅಕ್ಷರ ಅಂತ ಎಣಿಸಿತ್ತು. ಇಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: ಕಲಿಯುವಾಗ ಆ ಸೌಲಭ್ಯವನ್ನು ಮುಟ್ಟಬೇಡಿ. ತಪ್ಪು ಉತ್ತರ ಕೊಟ್ಟು ತೆಪ್ಪಗಿರುವ ಯಂತ್ರಕ್ಕಿಂತ ಜಗಳ ಮಾಡುವ ಯಂತ್ರ ಸಾವಿರ ಪಾಲು ವಾಸಿ. ಪಟ್ಟಿಗೆ ಒಂದು ಸಾಲು ಸೇರಿಸಿದೆ: 'ಅರ್ಧ'ದಲ್ಲಿದ್ದಾಗ 8204 ಬಂದರೆ 'ತುಂಬಿದ'ಕ್ಕೆ ಹೋಗು. ಐದು ಬಂತು.

'ರ‍್ಯಾಂಕ್' ಪದದಲ್ಲಿ ಇದರ ತಮ್ಮ ಸಿಗುತ್ತಾನೆ, 8205. ಅವನು ರ ಆದ ಮೇಲೆ, ವಿರಾಮಕ್ಕಿಂತ ಮೊದಲು ಬಂದು, ಅರ್ಕಾವತ್ತು ಆಗದಂತೆ ತಡೆಯುತ್ತಾನೆ. ಅವನಿಗೆ ಯಾವ ಸಾಲು ಬೇಕು ಎಂದು ನೀವೇ ಯೋಚಿಸಿ.

ಹಾಗಾದರೆ ಈ ಸಾಲುಗಳನ್ನೆಲ್ಲ ಲೈಬ್ರರಿಯೊಳಗೇ ತುರುಕಿಬಿಡೋಣವೇ ಎಂದು ಒಬ್ಬ ಹುಡುಗ ಕೇಳಿದ. ಬೇಡ ಅಂದೆ. ಹಗುರವಾಗಿರುವುದೇ ಅದರ ಗುಣ. ಮೋಟಾರು ಓಡಿಸುವವರಿಗೆ, ಆಟ ಬರೆಯುವವರಿಗೆ ಕನ್ನಡದ ಒತ್ತಕ್ಷರ ಯಾಕೆ ಬೇಕು? ಕನ್ನಡದ ಪಟ್ಟಿ ಪಕ್ಕದಲ್ಲಿ ಒಂದು ಪುಟ್ಟ ಕಡತವಾಗಿರಲಿ. ಅದರ ಜೊತೆ, ಯಾವ ಪದಕ್ಕೆ ಯಾವ ಉತ್ತರ ಬರಬೇಕು ಎಂಬ ಪರೀಕ್ಷೆಯ ಪದಗಳೂ ಇರಲಿ. ಲೈಬ್ರರಿಯನ್ನು ಸುಧಾರಿಸುವುದು ಅಂದರೆ ಹೊಸ ಹೊಸ ಸೌಲಭ್ಯ ಸೇರಿಸುವುದು ಅಂತ ತುಂಬ ಜನ ತಿಳಿದಿದ್ದಾರೆ. ಎಲ್ಲಿ ಎಡವಿತು ಎಂದು ಒಂದೇ ಪದದಲ್ಲಿ ತೋರಿಸಿಕೊಡುವುದು ಅದಕ್ಕಿಂತ ದೊಡ್ಡ ಉಪಕಾರ ಅಂತ ನನಗನ್ನಿಸುತ್ತದೆ.

ಈ ಕೆಲಸಕ್ಕೆ ನಿಮ್ಮಷ್ಟು ತಕ್ಕವರು ಸಿಗುವುದು ಕಷ್ಟ. ನೀವು ಮನೆಯಲ್ಲಿ, ಶಾಲೆಯಲ್ಲಿ ಕನ್ನಡ ಓದುತ್ತೀರಿ, ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ತೆಲುಗಿನಲ್ಲಿ ಓದುತ್ತೀರಿ. 'ಸೂರ್ಯ' ಬರೆಯುವಾಗ ಕನ್ನಡದಲ್ಲಿ ಯ ಮೊದಲು ಬರೆದು ಅರ್ಕಾವತ್ತು ಹಾಕುತ್ತೀರಿ, ತೆಲುಗಿನಲ್ಲಿ ರ ಬರೆದು ಯ ಒತ್ತು ಕೊಡುತ್ತೀರಿ. ಕೈಗೆ ಎರಡು ಬೇರೆ ಚಲನೆ. ಕಂಪ್ಯೂಟರಿನ ಒಳಗೆ ಮಾತ್ರ ಎರಡರದ್ದೂ ಒಂದೇ ಕ್ರಮ: ರ, ವಿರಾಮ, ಯ. ಯೂನಿಕೋಡಿನಲ್ಲಿ ತೆಲುಗಿನ ಕ 3093, ಕನ್ನಡದ ಕ 3221. ತೆಲುಗಿನ ವಿರಾಮ 3149, ಕನ್ನಡದ್ದು 3277. ಎರಡನ್ನೂ ಕಳೆದು ನೋಡಿ, ಎರಡು ಸಲವೂ 128. ಲಿಪಿಗಳೆರಡೂ ಪಕ್ಕದ ಮನೆಯವು, ಕೋಣೆಗಳ ಜೋಡಣೆಯೂ ಬಹುತೇಕ ಒಂದೇ. ಹಾಗಾಗಿ ಸ್ಥಿತಿಗಳ ಪಟ್ಟಿಯನ್ನು ಮುಟ್ಟದೆ, ಯಾವ ಸಂಖ್ಯೆ ವ್ಯಂಜನ, ಯಾವುದು ಗುರುತು ಎಂಬ ವಿಂಗಡಣೆಯನ್ನಷ್ಟೇ ಬದಲಿಸಿದರೆ ಅದೇ ಯಂತ್ರ ತೆಲುಗನ್ನೂ ಎಣಿಸುತ್ತದೆ. ಎಲ್ಲಾದರೂ ಎಡವಿದರೆ, ಎಡವಿದ್ದು ಯಾಕೆ ಅಂತ ಎರಡೂ ಲಿಪಿ ಬಲ್ಲ ನಿಮಗೆ ಬೇಗ ಹೊಳೆಯುತ್ತದೆ.

ಅಂದಹಾಗೆ, ಮೇಲೆ ನಾನು ಕೊಟ್ಟ ಪಟ್ಟಿಯಲ್ಲಿ ಇನ್ನೂ ಒಂದು ತಪ್ಪಿದೆ. 'ಕ' ಆದ ಮೇಲೆ ಸೊನ್ನೆಯನ್ನು ಎರಡು ಸಲ ಹಾಕಿ ಕಳಿಸಿ. ಕನ್ನಡದಲ್ಲಿ ಅಂಥ ಅಕ್ಷರವೇ ಇಲ್ಲ, ಆದರೂ ಯಂತ್ರ ಚಕಾರ ಎತ್ತದೆ ಒಳಗೆ ಬಿಟ್ಟುಕೊಳ್ಳುತ್ತದೆ. ಐದನೇ ವೃತ್ತವೊಂದನ್ನು ಬರೆಯಬೇಕಾಗಬಹುದು. ಅದಕ್ಕೆ ಏನು ಹೆಸರಿಟ್ಟಿರಿ, ಯಾವ ಸಾಲು ತಿದ್ದಿದಿರಿ ಎಂದು ನಿಮ್ಮ ವಿಜ್ಞಾನ ಮೇಷ್ಟ್ರ ಕೈಯಲ್ಲಿ ಬರೆದು ಕಳಿಸಿ.