ಮಕ್ಕಳ ಪಾಲಿನ ಭಾನುವಾರ

ಮಹಾನಗರದ ಹಿರಿಮೆಯನ್ನು ಅದರ ಮುಗಿಲು ಮುಟ್ಟುವ ಕಟ್ಟಡಗಳಿಂದ ಅಳೆಯುವುದು ವಾಡಿಕೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ದುಡಿಮೆಗಾರನ ಅಳತೆಗೋಲು ಬೇರೆ. ಹೆಚ್ಚು ಕಾಸಿಲ್ಲದವನು ಹೆಂಡತಿ ಮಕ್ಕಳೊಡನೆ ಒಂದು ಅಪರಾಹ್ನವನ್ನು ಮರ್ಯಾದೆಯಿಂದ, ನಿಶ್ಚಿಂತೆಯಿಂದ ಕಳೆಯಲು ಇಲ್ಲಿ ಎಡೆಯುಂಟೆ? ಮುಂಬಯಿಯಲ್ಲಿ ಎಡೆಯೇನೋ ಉಂಟು. ನಮ್ಮ ಬಹುಮಂದಿಗೆ ಇಲ್ಲದಿರುವುದು ಬಿಡುವು.

ಮಲಬಾರ್ ಹಿಲ್ಲಿನ ಕಮಲಾ ನೆಹರೂ ಉದ್ಯಾನವನ್ನೇ ತೆಗೆದುಕೊಳ್ಳಿ. 1952ರಲ್ಲಿ ಏರ್ಪಟ್ಟ ಈ ತೋಟದ ವಿಸ್ತಾರ ಸುಮಾರು 4 ಎಕರೆ. ಅಲ್ಲಿ ನಿಂತರೆ ಚೌಪಾಟಿಯ ಮರಳೂ ಮರೀನ್ ಡ್ರೈವಿನ ಬಾಗಿದ ಕಡಲ ತೀರವೂ ಕಣ್ಣ ಮುಂದೆ ಹರಡುತ್ತವೆ. ಎದುರಿಗೇ ಇರುವ ಫಿರೋಜ್‌ಷಾ ಮೆಹತಾ ಉದ್ಯಾನವು ನಗರಕ್ಕೆ ನೀರುಣಿಸುವ ಜಲಾಶಯದ ಮೇಲ್ಛಾವಣಿಯ ಮೇಲೆ ಬೆಳೆದ ತೋಟ. ಇನ್ನು ಮಕ್ಕಳನ್ನು ಎಲ್ಲಕ್ಕಿಂತ ಮಿಗಿಲಾಗಿ ಸೆಳೆಯುವುದು ಕಲ್ಲುಗಾರೆಯ ಆ ದೊಡ್ಡ ಬೂಟು. ಬೂಟಿನೊಳಗೆ ಮನೆ ಮಾಡಿಕೊಂಡು, ಮನೆ ತುಂಬ ಮಕ್ಕಳಿಂದ ಕಂಗಾಲಾದ ಮುದುಕಿಯ ಇಂಗ್ಲಿಷ್ ಶಿಶುಗೀತೆಯೇ ಅದಕ್ಕೆ ಮೂಲ. ಹತ್ತಡಿಯ ಖೋಲಿಯಲ್ಲಿ ಆರು ಮಂದಿ ಬಾಳುವ ನಮ್ಮವರಿಗೆ ಆ ಮುದುಕಿಯ ಕಷ್ಟವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷ್ ಪದ್ಯ ಬಾರದಿದ್ದರೆ ಕೊರತೆಯೇನು? ಅದೇ ಬೂಟಿನ ನೆರಳಿನಲ್ಲಿ ತಂದೆಯು ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಹೇಳಬಹುದು. ಶಾಲೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ ಆಡುವ ಮಗುವಿಗೆ ಕನ್ನಡವು ಕಿವಿಯಿಂದ ಎದೆಗಿಳಿಯುವುದು ಇಂತಹ ಗಳಿಗೆಗಳಲ್ಲಿ. ವರ್ಷಕ್ಕೊಮ್ಮೆ ನಡೆಯುವ ರಾಜ್ಯೋತ್ಸವದ ಭಾಷಣಗಳಿಂದಲ್ಲ.

ಆದರೆ ಆ ತಂದೆ ಎಲ್ಲಿ? ಮಕ್ಕಳ ಶಾಲೆಗೆ ಭಾನುವಾರ ರಜೆ. ಹೋಟೆಲಿಗೆ ಭಾನುವಾರವೇ ಸುಗ್ಗಿ. ಊರಿಗೆ ಊರೇ ಮನೆಮಂದಿಯೊಡನೆ ದೋಸೆ ತಿನ್ನಲು ಹೊರಟ ಹೊತ್ತಿನಲ್ಲಿ ನಮ್ಮವನು ಕಾವಲಿಯ ಮುಂದೆ ಬೆವರುತ್ತಿರುತ್ತಾನೆ. ಅವನಿಗೆ ರಜೆ ದೊರೆಯುವುದು ಮಂಗಳವಾರವೋ ಬುಧವಾರವೋ. ಆಗ ಮಕ್ಕಳು ಶಾಲೆಯಲ್ಲಿರುತ್ತಾರೆ. ಪರರ ಮಕ್ಕಳಿಗೆ ನಗುನಗುತ್ತ ಬಡಿಸುವವನು ತನ್ನ ಮಕ್ಕಳನ್ನು ಮಲಗಿದ್ದಾಗಲೇ ಹೆಚ್ಚಾಗಿ ಕಾಣುತ್ತಾನೆ. ಸಂಸಾರವನ್ನು ಊರಿನಲ್ಲೇ ಬಿಟ್ಟು ಬಂದವನ ಪಾಡಂತೂ ಹೇಳತೀರದು. ಬೇಸಿಗೆ ರಜೆಯಲ್ಲಿ ಮಕ್ಕಳು ಬಂದರೂ ಅವರಿಗೆ ಕಡಲನ್ನು ತೋರಿಸುವವರು ನೆರೆಮನೆಯವರು.

ಕಾನೂನು ಈ ದುಃಖವನ್ನು ಅರ್ಧ ಮಾತ್ರ ಅರಿತಿದೆ. 1948ರ ಬೊಂಬಾಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ವಾರದ ರಜೆಯನ್ನು ಹಕ್ಕಾಗಿಸಿತು. ಅದರ ಸ್ಥಾನಕ್ಕೆ ಬಂದ 2017ರ ಮಹಾರಾಷ್ಟ್ರ ಕಾಯಿದೆಯು ತನ್ನ ವ್ಯಾಪ್ತಿಯ ಸಂಸ್ಥೆಗಳಲ್ಲಿ ವಾರಕ್ಕೊಮ್ಮೆ ಎಡೆಬಿಡದ 24 ಗಂಟೆಗಳ ವಿಶ್ರಾಂತಿಯನ್ನು ವಿಧಿಸಿದೆ. ಆದರೆ ಆ ದಿನ ಮಕ್ಕಳ ರಜೆಯೊಡನೆ ಕೂಡಿಬರಬೇಕೆಂದು ಅದು ಹೇಳುವುದಿಲ್ಲ. ಆಟವೂ ವಿರಾಮವೂ ಮಗುವಿನ ಹಕ್ಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಸಾರಿತು. 1992ರಲ್ಲಿ ಭಾರತವೂ ಅದಕ್ಕೆ ಸೇರಿತು. ಕಾಗದದ ಮೇಲಿನ ಹಕ್ಕಿಗೆ ಕೈಹಿಡಿದು ನಡೆಸುವ ತಂದೆಯೂ ಬೇಕಲ್ಲವೆ?

ಕಾನೂನು ಕೊಡದಿದ್ದುದನ್ನು ಸೌಜನ್ಯವು ಕೊಡಬಹುದು. ಸಂಸಾರವಂತನಾದ ಪ್ರತಿಯೊಬ್ಬ ಕೆಲಸಗಾರನಿಗೂ ಸರದಿಯ ಮೇಲೆ ತಿಂಗಳಿಗೊಂದು ಭಾನುವಾರದ ರಜೆ ದೊರೆಯಲಿ ಎಂಬುದು ನಮ್ಮ ಸೂಚನೆ. ವ್ಯಾಪಾರ ಕೆಡುವುದೆಂದು ಹೋಟೆಲಿನ ಯಜಮಾನರು ಹೇಳಿಯಾರು. ಅವರ ಮಾತಿನಲ್ಲಿಯೂ ತಥ್ಯವಿದೆ. ಭಾನುವಾರದ ಗಲ್ಲಾಪೆಟ್ಟಿಗೆಯಿಂದಲೇ ವಾರದ ಸಂಬಳ ಏಳಬೇಕು. ಆದರೆ ಎಂಟು ಮಂದಿಯಿರುವ ಹೋಟೆಲಿನಲ್ಲಿ ಭಾನುವಾರಕ್ಕಿಬ್ಬರಂತೆ ಬಿಟ್ಟರೆ ನಾಲ್ಕು ವಾರಗಳಲ್ಲಿ ಸರದಿ ಮುಗಿಯುತ್ತದೆ. ಒಂಟಿ ಹುಡುಗರು ಆ ದಿನ ಭಾರ ಹೊತ್ತು ಬೇರೆ ದಿನ ಬಿಡುವು ಪಡೆಯಬಹುದು. ಹಗಲೆಲ್ಲ ಲೋಟ ತೊಳೆದ ಹುಡುಗರನ್ನು ಸಂಜೆ ಕನ್ನಡ ರಾತ್ರಿಶಾಲೆಗಳಿಗೆ ಕಳುಹಿಸಿದ ಯಜಮಾನರೂ ಈ ನಗರದಲ್ಲಿದ್ದರು. ಆ ಔದಾರ್ಯದಿಂದ ಹೋಟೆಲುಗಳು ಮುಚ್ಚಲಿಲ್ಲ, ಸಮಾಜ ಮೇಲೆದ್ದಿತು.

ಗುಮಾಸ್ತ ಬಂಧುಗಳಿಗೂ ಒಂದು ಮಾತು. ನಿಮಗೆ ಭಾನುವಾರವುಂಟು. ಆರು ದಿನ ಲೋಕಲ್ ಗಾಡಿಯಲ್ಲಿ ನಿಂತು ಬಳಲಿದ ದೇಹ ಏಳನೆಯ ದಿನ ಹಾಸಿಗೆಯನ್ನು ಬಯಸುವುದು ಸಹಜ. ಮೆಗಾ ಬ್ಲಾಕಿನ ನೆಪವೂ ಸಿದ್ಧವಾಗಿದೆ. ಡೊಂಬಿವಲಿ, ವಿರಾರ್‌ಗಳಿಂದ ಮಲಬಾರ್ ಹಿಲ್ ದೂರವೆಂಬುದೂ ನಿಜ. ಹಾಗಿದ್ದರೆ ಮನೆಯ ಸಮೀಪದ ಸಣ್ಣ ತೋಟವೇ ಸಾಕು. ಹೋಗುವಾಗ ಪಕ್ಕದ ಖೋಲಿಯ ಹೋಟೆಲ್ ಕೆಲಸಗಾರನ ಮಕ್ಕಳನ್ನೂ ಕರೆದೊಯ್ಯಿರಿ.

ಮಗು ಬೆಳೆಯುವುದು ಯಾರ ಬಿಡುವಿಗೂ ಕಾಯುವುದಿಲ್ಲ. ಇಂದು ಜಾರುಬಂಡೆಯ ಕೆಳಗೆ ನಿಂತು ಕೈಚಾಚದ ತಂದೆಗೆ, ಹತ್ತು ವರ್ಷಗಳ ಮೇಲೆ ಭಾನುವಾರ ದೊರೆತರೂ ಜಾರಿ ಬರುವ ಮಗು ಅಲ್ಲಿರದು. ಸಂಬಳದ ಏರಿಕೆಯನ್ನು ತಡವಾಗಿ ಕೊಟ್ಟರೂ ಬಾಕಿಯನ್ನು ತೀರಿಸಬಹುದು. ಈ ಬಾಕಿಯನ್ನು ತೀರಿಸಲಾಗದು. ನಮ್ಮ ಯಜಮಾನರೂ ಸಂಘಸಂಸ್ಥೆಗಳೂ ಇದನ್ನು ಮನಗಂಡು ಬರುವ ತಿಂಗಳಿನಿಂದಲೇ ಮೊದಲಿಡಲಿ.