ಶಾಲೆಯ ಬೇಲಿಗೆ ಆವರಿಕೆ ಇರಲಿ

ಪ್ರತಿ ವರ್ಷ ಜೂನ್ 5ರ ಪರಿಸರ ದಿನದಂದು ಶಾಲೆಗಳಲ್ಲಿ ಗುಂಡಿ ತೋಡಿ ಸಸಿ ನೆಡುತ್ತೇವೆ. ಫೋಟೋ ತೆಗೆಸಿಕೊಳ್ಳುತ್ತೇವೆ. ಮುಂದಿನ ಬೇಸಿಗೆ ರಜೆ ಮುಗಿಸಿ ಬಂದು ನೋಡಿದರೆ ಅಲ್ಲಿ ಒಣಕಡ್ಡಿ ನಿಂತಿರುತ್ತದೆ! ರಜೆಯಲ್ಲಿ ನೀರು ಹಾಕುವವರು ಯಾರು? ಹಾಗಾದರೆ ಮಕ್ಕಳೇ, ಹೆಚ್ಚು ನೀರು ಕೇಳದ ಗಿಡವನ್ನೇ ಏಕೆ ನೆಡಬಾರದು?

ಅಂಥ ಗಿಡಕ್ಕೆ ನರ್ಸರಿಗೆ ಹೋಗಬೇಕಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಒಣಭೂಮಿಯ ಬದುಗಳಲ್ಲಿ, ಕೆ.ಆರ್. ನಗರದ ನಾಲೆ ನೀರು ಹತ್ತದ ದಿಣ್ಣೆಗಳಲ್ಲಿ ಹುಡುಕಿ. ಹಳದಿ ಹೂಗೊಂಚಲು ಹೊತ್ತ ಆವರಿಕೆ ಸಿಕ್ಕೀತು. ತಂಗಡಿ ಎಂದರೂ ಇದೇ. ಹಿಂದೆ ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ತೆಲಂಗಾಣಕ್ಕೆ ಇದು ರಾಜ್ಯಪುಷ್ಪ. ನಾವೋ, ಕಾಡುಗಿಡವೆಂದು ಸವರಿ ಹಾಕುತ್ತೇವೆ.

"ಆವರಿಕೆ ಹೂವಿನಲ್ಲಿ ಮಕರಂದವೇ ಇಲ್ಲವಲ್ಲ, ಕೀಟಗಳಿಗೇನು ಲಾಭ?" ಎಂದು ಕೇಳುವವರಿದ್ದಾರೆ. ಮಕರಂದ ಇಲ್ಲ, ನಿಜ. ಆದರೆ ಪರಾಗವಿದೆ. ಅದು ದುಂಬಿಯ ಮರಿಗಳಿಗೆ ಪ್ರೋಟೀನಿನ ಊಟ. ಈ ಹೂವಿನ ಪರಾಗಕೋಶ ಮುಚ್ಚಿದ ಡಬ್ಬಿಯಂತೆ. ತುದಿಯಲ್ಲಷ್ಟೇ ಸಣ್ಣ ರಂಧ್ರ. ಒಣಮರ, ಬಿದಿರು ಕೊರೆದು ಗೂಡು ಮಾಡುವ ದಪ್ಪ ಕಪ್ಪು ದುಂಬಿ ನಿಮಗೆ ಗೊತ್ತಲ್ಲ? ಅದು ಹೂವನ್ನು ತಬ್ಬಿ ಹಿಡಿದು ಝೇಂಕರಿಸುತ್ತದೆ. ಆ ಕಂಪನಕ್ಕೆ ಪರಾಗ ರಂಧ್ರದಿಂದ ಚಿಮ್ಮುತ್ತದೆ. ನಮ್ಮ ತುಡುವೆ ಜೇನಿಗೆ ಈ ವಿದ್ಯೆ ಬಾರದು.

ಬದನೆ, ಟೊಮೇಟೊ ಹೂಗಳ ಪರಾಗಕೋಶವೂ ಇಂಥದ್ದೇ. ಝೇಂಕರಿಸುವ ದುಂಬಿ ಬಂದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ. ಬಿಸಿಯೂಟಕ್ಕೆಂದು ಶಾಲೆಯ ಕೈತೋಟದಲ್ಲಿ ನಾವು ಬೆಳೆಯುವುದು ಅವನ್ನೇ ಅಲ್ಲವೇ? ಬದನೆ ಹೂ ಇಲ್ಲದ ತಿಂಗಳುಗಳಲ್ಲಿ ದುಂಬಿ ಏನು ತಿನ್ನಬೇಕು? ಬಣ್ಣದೆಲೆಯ ಕ್ರೋಟನ್ ಸಾಲು ನೋಡಲು ಚೆಂದ, ದುಂಬಿಯ ಹೊಟ್ಟೆಗೆ ಏನೂ ಇಲ್ಲ. ಆದ್ದರಿಂದ ಬೇಲಿಯ ಒಂದು ಬದಿಯನ್ನಾದರೂ ಆವರಿಕೆಗೆ ಬಿಡಬೇಕೆಂಬುದು ನನ್ನ ವಾದ. ಮಕರಂದಕ್ಕೆ ತುಂಬೆ, ಲಕ್ಕಿ ಗಿಡಗಳೂ ಜೊತೆಗಿರಲಿ. ಎಲೆಯಲ್ಲಿ ಹಸಿರು ಹುಳು ಕಂಡರೆ ಔಷಧಿ ಹೊಡೆಯಬೇಡಿ, ಅದು ಚಿಟ್ಟೆಯ ಮರಿ ಇರಬಹುದು.

ಒಣಗಿದ ಕಾಯಿಯಿಂದ ಬೀಜ ಬಿಡಿಸಿ. ಸಿಪ್ಪೆ ಗಟ್ಟಿ, ಬಿಸಿನೀರಿಗೆ ಹಾಕಿ ಒಂದು ರಾತ್ರಿ ನೆನೆಸಿ, ಮುಂಗಾರು ಹಿಡಿದಾಗ ಬಿತ್ತಿ. ಮೊದಲ ವರ್ಷ ಮಾತ್ರ ಕಳೆ ತೆಗೆದು, ಮಳೆ ಕೈಕೊಟ್ಟರೆ ಒಂದು ಚೊಂಬು ನೀರು ಹಾಕಿ.

ಹೂ ಬಿಟ್ಟ ಮೇಲೆ ಶಿಕ್ಷಕರನ್ನು ಕೇಳಿ ಶ್ರುತಿಕವಲು ತನ್ನಿ. ಬೆಳಿಗ್ಗೆ, ಹೊಸದಾಗಿ ಅರಳಿದ ಹೂವಿನ ಕೆಳಗೆ ಕಪ್ಪು ಕಾಗದ ಹಿಡಿಯಿರಿ. ಶ್ರುತಿಕವಲನ್ನು ರಬ್ಬರಿಗೆ ತಟ್ಟಿ ಕೇಸರಕ್ಕೆ ಮೆಲ್ಲನೆ ಮುಟ್ಟಿಸಿ. ಕಾಗದದ ಮೇಲೆ ಹಳದಿ ಪುಡಿ ಬಿತ್ತೇ?